ಪೆಟ್ಟಿಗೆ ಬಿಚ್ಚೋಕೆ ಎಷ್ಟು ವರ್ಷ ಬೇಕು?

ನೊಯ್‌ಬಿಬರ್ಗ್ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ಇನ್‌ಫಿನಿಯನ್. ಮ್ಯೂನಿಕ್ ನಗರದ ಅಂಚಿಗೆ ಅಂಟಿಕೊಂಡ ಈ ಪುಟ್ಟ ಊರಲ್ಲಿ ಆ ಚಿಪ್ ಕಂಪನಿಯ ಮುಖ್ಯ ಕಚೇರಿ ಇದೆ. ಬೆಂಗಳೂರಿನಲ್ಲೂ ಅದರ ಕಚೇರಿ ಇರೋದರಿಂದ ಇಲ್ಲಿನ ಬಸ್ ಸ್ಟಾಪಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರೂ ಆಶ್ಚರ್ಯಪಡಲ್ಲ.

ಇದೇ ಊರಲ್ಲಿ ಇನ್ನೊಂದು ದೊಡ್ಡ ಆವರಣ ಇದೆ. ನಮ್ಮಲ್ಲಿ ಹೆಚ್ಚಿನವರು ಅದರ ಬೇಲಿ ಪಕ್ಕದಲ್ಲೇ ಸೈಕಲ್ ಹೊಡೆದುಕೊಂಡು ಹೋಗ್ತೀವಿ, ಒಳಗೇನಿದೆ ಅಂತ ಕೇಳೋದಿಲ್ಲ. ನಾಜಿ ಕಾಲದಲ್ಲಿ ಅದು ವಾಯುಪಡೆಯ ನೆಲೆ. ಯುದ್ಧ ಸೋತ ಮೇಲೆ ಅಮೆರಿಕನ್ನರ ಕೈಗೆ ಹೋಯಿತು, ಆಮೇಲೆ ಹೊಸ ಜರ್ಮನ್ ಸೇನೆಗೆ ಬಂತು. 1973ರಿಂದ ಅಲ್ಲಿರೋದು ಸೇನೆಯ ವಿಶ್ವವಿದ್ಯಾಲಯ. ನಾಳೆ ಅಧಿಕಾರಿಗಳಾಗೋ ಹುಡುಗ ಹುಡುಗಿಯರು ಇಲ್ಲಿ ಡಿಗ್ರಿ ಓದುತ್ತಾರೆ.

ಆ ವಿಶ್ವವಿದ್ಯಾಲಯದಲ್ಲಿ 1981ರಿಂದ 2012ರವರೆಗೆ ಆಧುನಿಕ ಇತಿಹಾಸದ ಪ್ರೊಫೆಸರ್ ಆಗಿದ್ದವರ ಹೆಸರು ಮಿಖಾಯೆಲ್ ವೋಲ್ಫ್‌ಸೋನ್. ಅವರು ಯಹೂದಿ. ಅವರ ಮನೆಯವರು 1939ರಲ್ಲಿ ಜರ್ಮನಿ ಬಿಟ್ಟು ಪ್ಯಾಲೆಸ್ಟೈನಿಗೆ ಓಡಿಹೋದವರು. ಅವರು ಹುಟ್ಟಿದ್ದು 1947ರಲ್ಲಿ, ಟೆಲ್ ಅವೀವ್‌ನಲ್ಲಿ. 1954ರಲ್ಲಿ ಕುಟುಂಬ ಪಶ್ಚಿಮ ಬರ್ಲಿನ್ನಿಗೆ ವಾಪಸ್ ಬಂತು. ಸ್ವಲ್ಪ ನಿಂತು ಯೋಚಿಸಿ: ಹಿಟ್ಲರನ ವಿಮಾನಗಳು ನಿಂತಿದ್ದ ಜಾಗದಲ್ಲಿ, ಅವನಿಂದ ತಪ್ಪಿಸಿಕೊಂಡವರ ಮಗ, ಜರ್ಮನ್ ಸೇನೆಯ ಮುಂದಿನ ಅಧಿಕಾರಿಗಳಿಗೆ 31 ವರ್ಷ ಇತಿಹಾಸ ಪಾಠ ಮಾಡಿದರು.

ವೋಲ್ಫ್‌ಸೋನ್ ಒಬ್ಬ ವ್ಯಕ್ತಿ. ನನ್ನ ಕುತೂಹಲ ಸಮುದಾಯದ ಬಗ್ಗೆ. ನಿರ್ನಾಮದ ಅಂಚಿಗೆ ಹೋಗಿದ್ದ ಮ್ಯೂನಿಕ್‌ನ ಯಹೂದಿ ಸಮುದಾಯ ತನ್ನ ಮುಂದಾಳುಗಳನ್ನು ಎಲ್ಲಿಂದ ತಂದಿತು? ಹೇಗೆ ಬೆಳೆಸಿತು? ಈ ಪ್ರಶ್ನೆ ನನಗೆ ಯಾಕೆ ಮುಖ್ಯ ಅಂತ ಕೊನೆಗೆ ಹೇಳ್ತೀನಿ, ನಿಮಗೆ ಈಗಾಗಲೇ ಹೊಳೆದಿರಲೂಬಹುದು.

ಮೊದಲು ಒಂದು ಲೆಕ್ಕ. ನನ್ನ ಹೊಟ್ಟೆಪಾಡು ಅಂಕಿಗಳ ಜೊತೆ, ಹಾಗಾಗಿ ಇದು ಅಭ್ಯಾಸ ಅನ್ಕೊಳ್ಳಿ. 1933ರಲ್ಲಿ ಮ್ಯೂನಿಕ್‌ನಲ್ಲಿ ಸುಮಾರು 9,000 ಯಹೂದಿಗಳಿದ್ದರು. ಇವತ್ತು ಇಲ್ಲಿನ ಯಹೂದಿ ಸಮುದಾಯದ ಸದಸ್ಯರು ಸುಮಾರು 9,500. ಈ ಎರಡು ಅಂಕಿಗಳನ್ನು ಮಾತ್ರ ನೋಡಿದರೆ ಏನೂ ಆಗೇ ಇಲ್ಲ ಅನ್ನಿಸುತ್ತೆ. ಆದರೆ ಆ 9,000 ಜನರ ಮನೆತನಗಳಿಗೂ ಈ 9,500 ಜನರಿಗೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಹಳಬರಲ್ಲಿ ಒಂದಷ್ಟು ಮಂದಿ ದೇಶ ಬಿಟ್ಟರು, ಉಳಿದವರಲ್ಲಿ ಬಹುಪಾಲು ಕೊಲೆಯಾದರು. 1945ರ ಜುಲೈನಲ್ಲಿ ಸಮುದಾಯವನ್ನು ಮತ್ತೆ ನೋಂದಾಯಿಸಿದಾಗ ಇದ್ದವರು ಕೆಲವೇ ನೂರು ಮಂದಿ.

ಅದೇ ಹೊತ್ತಿಗೆ ಮ್ಯೂನಿಕ್ ಸುತ್ತಮುತ್ತ ಬೇರೊಂದು ಯಹೂದಿ ಲೋಕ ಹುಟ್ಟಿತ್ತು. ದಾಖಾವ್ ಮತ್ತು ಅದರ ಉಪಶಿಬಿರಗಳಿಂದ ಬಿಡುಗಡೆಯಾದ ಪೂರ್ವ ಯುರೋಪಿನ ಯಹೂದಿಗಳು ಲಾಂಡ್ಸ್‌ಬರ್ಗ್, ಫೆಲ್ಡಾಫಿಂಗ್, ಫ್ಯೋರೆನ್‌ವಾಲ್ಡ್ ಅನ್ನೋ ನಿರಾಶ್ರಿತರ ಶಿಬಿರಗಳಲ್ಲಿ ತುಂಬಿಕೊಂಡರು. ತಮ್ಮನ್ನು ತಾವು ಶೆಎರಿತ್ ಹಪ್ಲೆತಾ ಅಂತ ಕರೆದುಕೊಂಡರು. ಅಂದರೆ, ಬದುಕುಳಿದ ಶೇಷ. ಸೇಂಟ್ ಓಟ್ಟೀಲಿಯೆನ್ ಅನ್ನೋ ಕ್ರೈಸ್ತ ಮಠದಲ್ಲಿ ಬದುಕುಳಿದವರಿಗಾಗಿ ಒಂದು ಆಸ್ಪತ್ರೆ ಶುರುವಾಗಿತ್ತು. ಅದನ್ನು ನಡೆಸಿದವರು ಲಿಥುವೇನಿಯಾದ ವೈದ್ಯ ಜಾಲ್ಮನ್ ಗ್ರಿನ್‌ಬರ್ಗ್. ಅವರೂ ಶಿಬಿರದಿಂದ ಬಂದವರೇ, ವಯಸ್ಸು ಮೂವತ್ತರ ಆಸುಪಾಸು. ಬಿಡುಗಡೆಯಾಗಿ ಒಂದು ತಿಂಗಳಾಗುವಷ್ಟರಲ್ಲಿ, 1945ರ ಮೇ 27ರಂದು, ಆ ಮಠದ ಅಂಗಳದಲ್ಲಿ ಬದುಕುಳಿದ ಸಂಗೀತಗಾರರು ಕಛೇರಿ ಕೊಟ್ಟರು, ಗ್ರಿನ್‌ಬರ್ಗ್ ಭಾಷಣ ಮಾಡಿದರು. ಜುಲೈ ಹೊತ್ತಿಗೆ ಶಿಬಿರಗಳ ಪ್ರತಿನಿಧಿಗಳು ಸೇರಿ ಒಂದು ಕೇಂದ್ರ ಸಮಿತಿ ಕಟ್ಟಿದರು. ಅದರ ಕಚೇರಿ ಮ್ಯೂನಿಕ್‌ನಲ್ಲಿತ್ತು. 1946ರಲ್ಲಿ ಅಮೆರಿಕನ್ ಸೇನೆ ಅದನ್ನು ಅಧಿಕೃತವಾಗಿ ಮಾನ್ಯ ಮಾಡಿತು.

ಈ ಶಿಬಿರಗಳ ಬಗ್ಗೆ ಓದಿದಾಗ ನನಗೆ ಬೆರಗು ಹುಟ್ಟಿಸಿದ್ದು ಅವರ ವಯಸ್ಸು. ಮುದುಕರು ಬದುಕಿರಲಿಲ್ಲ, ಮಕ್ಕಳೂ ಹೆಚ್ಚು ಬದುಕಿರಲಿಲ್ಲ. ಉಳಿದಿದ್ದು ಬಹುತೇಕ ಇಪ್ಪತ್ತರಿಂದ ನಲವತ್ತರೊಳಗಿನವರು. ಕೇಳೋಕೆ ಹಿರಿಯರಿಲ್ಲ, ಕಾಯೋಕೆ ಸಮಯ ಇಲ್ಲ. ಶಿಬಿರ ಸಮಿತಿಗೆ ಚುನಾವಣೆ ಮಾಡಿದರು, ಜಗಳ ಬಗೆಹರಿಸೋಕೆ ತಮ್ಮದೇ ನ್ಯಾಯಮಂಡಳಿ, ತಮ್ಮದೇ ಶಾಲೆ, ತಮ್ಮದೇ ಪತ್ರಿಕೆ. ಲಾಂಡ್ಸ್‌ಬರ್ಗ್ ಶಿಬಿರದಲ್ಲಿ ಒಂದು ಯಿಡ್ಡಿಷ್ ಪತ್ರಿಕೆ ಬರುತ್ತಿತ್ತು. ಯಿಡ್ಡಿಷ್ ಬರೆಯೋದು ಹೀಬ್ರೂ ಲಿಪಿಯಲ್ಲಿ, ಆದರೆ ಹೀಬ್ರೂ ಅಚ್ಚಿನ ಮೊಳೆ ಸಿಗದೆ ಇದ್ದಿದ್ದರಿಂದ ಅದನ್ನು ರೋಮನ್ ಲಿಪಿಯಲ್ಲೇ ಅಚ್ಚು ಹಾಕಿದರು. ವಾಟ್ಸ್ಆಪ್‌ನಲ್ಲಿ ಅಜ್ಜಿಗೆ ಇಂಗ್ಲಿಷ್ ಅಕ್ಷರದಲ್ಲಿ "ಊಟ ಆಯ್ತಾ" ಅಂತ ಕಳಿಸೋ ನಿಮಗೆ ಇದು ಥಟ್ಟನೆ ಅರ್ಥವಾಗುತ್ತೆ.

ಇಷ್ಟೆಲ್ಲ ಚೈತನ್ಯ ಇದ್ದ ಆ ಮುಂದಾಳುಗಳು ಮ್ಯೂನಿಕ್‌ಗೆ ದಕ್ಕಲಿಲ್ಲ. ಅವರು ಕಟ್ಟಿದ್ದೇ ಹೊರಡೋದಕ್ಕೆ. ಗ್ರಿನ್‌ಬರ್ಗ್ 1946ರಲ್ಲಿ ಹೊರಟುಬಿಟ್ಟರು. 1948ರಲ್ಲಿ ಇಸ್ರೇಲ್ ಹುಟ್ಟಿತು, ಅಮೆರಿಕವೂ ಬಾಗಿಲು ತೆರೆಯಿತು, ಶಿಬಿರಗಳು ಖಾಲಿಯಾದವು. ಅದೇ ವರ್ಷ ವಿಶ್ವ ಯಹೂದಿ ಕಾಂಗ್ರೆಸ್ ಸ್ವಿಟ್ಜರ್‌ಲೆಂಡಿನ ಮೋಂತ್ರೋದಲ್ಲಿ ಸೇರಿ, ಯಹೂದಿಗಳು ಇನ್ನೆಂದೂ ಜರ್ಮನ್ ನೆಲದಲ್ಲಿ ನೆಲೆಸಬಾರದು ಅಂತ ನಿರ್ಣಯ ಮಾಡಿತು. ಕೊನೆಯ ಶಿಬಿರ ಫ್ಯೋರೆನ್‌ವಾಲ್ಡ್ ಮುಚ್ಚಿದ್ದು 1957ರಲ್ಲಿ. ಉಳಿದುಕೊಂಡವರು ಯಾರು? ಕಾಯಿಲೆ ಬಿದ್ದವರು, ಸಣ್ಣ ಅಂಗಡಿ ಇಟ್ಟುಕೊಂಡವರು, ಜರ್ಮನ್ನರನ್ನು ಮದುವೆಯಾದವರು, ಇನ್ನೊಂದು ದೇಶಕ್ಕೆ ಹೋಗಿ ಮತ್ತೆ ಮೊದಲಿಂದ ಶುರುಮಾಡೋ ತ್ರಾಣ ಇಲ್ಲದವರು. ಹೊರಗಿನ ಯಹೂದಿಗಳ ಕಣ್ಣಲ್ಲಿ ಇವರಿಗೆ ಮರ್ಯಾದೆ ಇರಲಿಲ್ಲ. ಇವರಿಗೂ ತಮ್ಮ ಬಗ್ಗೆ ನಾಚಿಕೆ ಇತ್ತು. ಅದಕ್ಕೇ ಜರ್ಮನ್ ಯಹೂದಿಗಳ ಬಾಯಲ್ಲಿ ಒಂದು ಮಾತು ಹುಟ್ಟಿಕೊಂಡಿತು: ನಾವು ಕಟ್ಟಿಟ್ಟ ಪೆಟ್ಟಿಗೆಗಳ ಮೇಲೆ ಕೂತಿದ್ದೇವೆ. ಇವತ್ತಲ್ಲ ನಾಳೆ ಹೊರಡೋರು.

ಪೆಟ್ಟಿಗೆ ಮೇಲೆ ಕೂತವರು ಸಮಿತಿ ಮಾಡಬಲ್ಲರು. ಪ್ರಾರ್ಥನೆ ನಡೆಸಬಲ್ಲರು, ಹಬ್ಬ ಮಾಡಬಲ್ಲರು, ಸತ್ತವರನ್ನು ಮಣ್ಣು ಮಾಡಬಲ್ಲರು. ಆದರೆ ಉತ್ತರಾಧಿಕಾರಿಗಳನ್ನು ಬೆಳೆಸೋದು ಕಷ್ಟ. ಯಾಕಂದರೆ ಮಗನನ್ನು ಇಲ್ಲಿನ ಸಮುದಾಯಕ್ಕೆ ಮುಂದಾಳಾಗಿ ತಯಾರು ಮಾಡೋದು ಅಂದರೆ ಅವನು ಇಲ್ಲೇ ಇರ್ತಾನೆ ಅಂತ ಒಪ್ಪಿಕೊಂಡ ಹಾಗೆ.

ಷಾರ್ಲೋಟ್ ಕ್ನೋಬ್ಲೋಖ್ ಅವರ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತೆ. ಹುಟ್ಟಿದ್ದು 1932ರಲ್ಲಿ, ಮ್ಯೂನಿಕ್‌ನಲ್ಲೇ. ತಂದೆ ಫ್ರಿಟ್ಜ್ ನೊಯ್‌ಲಾಂಡ್ ವಕೀಲರು. ಅಜ್ಜಿ ಆಲ್ಬರ್ಟೀನೆಯನ್ನು ನಾಜಿಗಳು ಟೆರೇಜಿಯನ್‌ಷ್ಟಾಟ್ ಶಿಬಿರಕ್ಕೆ ಸಾಗಿಸಿದರು, ಆಕೆ ಅಲ್ಲೇ ಸತ್ತರು. ಮೊಮ್ಮಗಳನ್ನು ಉಳಿಸಿದವರು ಕ್ರೆಸೆಂಟ್ಸಿಯಾ ಹುಮ್ಮೆಲ್ ಅನ್ನೋ ಹಳ್ಳಿಯ ಕ್ಯಾಥೊಲಿಕ್ ಹೆಂಗಸು. ಅವರು ಹಿಂದೆ ಷಾರ್ಲೋಟ್‌ರ ಚಿಕ್ಕಪ್ಪನ ಮನೆಯಲ್ಲಿ ಕೆಲಸಕ್ಕಿದ್ದವರು, ಮದುವೆಯಾಗಿರಲಿಲ್ಲ. ಈ ಮಗು ತನ್ನದೇ ಅಂತ ಊರಿಗೆಲ್ಲ ಹೇಳಿದರು. ಆ ಕಾಲದ ಹಳ್ಳಿಯಲ್ಲಿ ಮದುವೆಯಾಗದ ಹೆಣ್ಣು ಈ ಮಗು ನನ್ನದು ಅನ್ನೋದು ಎಂಥ ಮಾತು ಅಂತ ನಿಮ್ಮ ಅಜ್ಜಿಯನ್ನು ಕೇಳಿ, ಹೇಳ್ತಾರೆ.

ಯುದ್ಧ ಮುಗಿದ ಮೇಲೆ ತಂದೆ ಬಂದು ಮಗಳನ್ನು ಮ್ಯೂನಿಕ್‌ಗೆ ಕರೆದುಕೊಂಡು ಹೋದರು. ಆಕೆಗೆ ಆ ಊರಿಗೆ ವಾಪಸ್ ಹೋಗೋ ಮನಸ್ಸಿರಲಿಲ್ಲ. 1951ರಲ್ಲಿ ಸಾಮುಯೆಲ್ ಕ್ನೋಬ್ಲೋಖ್ ಅವರನ್ನು ಮದುವೆಯಾದಾಗ ಇಬ್ಬರೂ ಅಮೆರಿಕಕ್ಕೆ ಹೋಗೋದು ಅಂತ ತೀರ್ಮಾನವಾಗಿತ್ತು. ಮಗು ಹುಟ್ಟಿತು, ಪ್ರಯಾಣ ಮುಂದಕ್ಕೆ ಹೋಯಿತು. ಮತ್ತೊಂದು ಮಗು, ಮತ್ತೊಂದು. ಅದೇ 1951ರಿಂದ 1969ರವರೆಗೆ ತಂದೆ ನೊಯ್‌ಲಾಂಡ್ ಮ್ಯೂನಿಕ್ ಯಹೂದಿ ಸಮುದಾಯದ ಅಧ್ಯಕ್ಷರು. ಅಪ್ಪ ಸಮುದಾಯ ಕಟ್ಟುತ್ತಿದ್ದಾರೆ, ಮಗಳ ಪೆಟ್ಟಿಗೆ ಕಟ್ಟಿದ್ದು ಹಾಗೇ ಇದೆ. ಒಂದೇ ಮನೆಯಲ್ಲಿ ಎರಡೂ.

ಪೆಟ್ಟಿಗೆ ಬಿಚ್ಚಬೇಡಿ ಅಂತ ಹೇಳೋ ಘಟನೆಗಳೂ ನಡೆದವು. ಆಗ ಸಿನಗಾಗ್ ಇದ್ದದ್ದು ರೈಖೆನ್‌ಬಾಖ್ ಬೀದಿಯ ಒಂದು ಕಟ್ಟಡದ ಹಿತ್ತಲಲ್ಲಿ, ರಸ್ತೆಗೆ ಕಾಣದ ಹಾಗೆ. 1970ರ ಫೆಬ್ರವರಿ 13, ಶುಕ್ರವಾರ ರಾತ್ರಿ, ಯಹೂದಿಗಳ ಸಬ್ಬತ್. ಸಮುದಾಯದ ವೃದ್ಧಾಶ್ರಮವಿದ್ದ ಆ ಕಟ್ಟಡಕ್ಕೆ ಯಾರೋ ಬೆಂಕಿ ಹಚ್ಚಿದರು. ಏಳು ಜನ ಸತ್ತರು. ಅವರಲ್ಲಿ ನಾಜಿ ಶಿಬಿರಗಳನ್ನು ದಾಟಿ ಬದುಕಿ ಬಂದವರೂ ಇದ್ದರು. ಆ ಕೃತ್ಯಕ್ಕೆ ಯಾರಿಗೂ ಶಿಕ್ಷೆಯಾಗಿಲ್ಲ. ಎರಡು ವರ್ಷದ ಮೇಲೆ ಇದೇ ಊರಿನ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿಯನ್ನು ಭಯೋತ್ಪಾದಕರು ಕೊಂದರು.

1985ರಲ್ಲಿ ಕ್ನೋಬ್ಲೋಖ್ ಅಧ್ಯಕ್ಷೆಯಾದರು. ಹಿತ್ತಲಿನ ಸಿನಗಾಗನ್ನು ಊರ ನಡುಮಧ್ಯಕ್ಕೆ ತರಬೇಕು ಅಂತ ಪಟ್ಟು ಹಿಡಿದರು. ಜಾಕೋಬ್ ಚೌಕದಲ್ಲಿ ಜಾಗ ಸಿಕ್ಕಿ, 2003ರ ನವೆಂಬರ್ 9ರಂದು ಶಂಕುಸ್ಥಾಪನೆ ಆಯಿತು. ಆ ಸಮಾರಂಭದ ಮೇಲೆ ಬಾಂಬ್ ದಾಳಿಗೆ ಸಂಚು ಮಾಡಿದ್ದ ನವನಾಜಿ ಗುಂಪನ್ನು ಪೊಲೀಸರು ಅದಕ್ಕೆ ಎರಡು ತಿಂಗಳ ಮೊದಲಷ್ಟೇ ಹಿಡಿದಿದ್ದರು. ಆದರೂ ಸಮಾರಂಭ ನಡೆಯಿತು. 2006ರ ಅದೇ ದಿನ ಓಹೆಲ್ ಯಾಕೋಬ್ ಸಿನಗಾಗ್ ತೆರೆಯಿತು. 1938ರ ನವೆಂಬರ್ 9ರ ರಾತ್ರಿ ಸುಟ್ಟುಹೋದ ಸಿನಗಾಗಿನ ಹೆಸರೇ ಇದಕ್ಕೂ. ನಾನು ಪೆಟ್ಟಿಗೆ ಬಿಚ್ಚಿದ್ದೇನೆ ಅನ್ನೋ ಅರ್ಥದ ಮಾತನ್ನು ಕ್ನೋಬ್ಲೋಖ್ ಸಾರ್ವಜನಿಕವಾಗಿ ಆಡಿದ್ದು ಈ ಕಟ್ಟಡದ ಸಂದರ್ಭದಲ್ಲೇ. ಶಂಕುಸ್ಥಾಪನೆಗೆ ಲೆಕ್ಕ ಹಾಕಿದರೆ, 1945ರಿಂದ 58 ವರ್ಷ.

ಈ ಹೊತ್ತಿಗೆ ಸಮುದಾಯದ ಒಳಗಿನ ಜನವೇ ಬದಲಾಗಿದ್ದರು. 1989ರಲ್ಲಿ ಇಡೀ ಪಶ್ಚಿಮ ಜರ್ಮನಿಯ ಯಹೂದಿ ಸಮುದಾಯಗಳಲ್ಲಿ ಇದ್ದವರು 30,000ಕ್ಕಿಂತ ಕಡಿಮೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿಂದ ಬಂದವರಿಂದಾಗಿ 2005ರ ಸುಮಾರಿಗೆ ಜರ್ಮನಿಯ ಸಮುದಾಯಗಳ ಸದಸ್ಯರು ಒಂದು ಲಕ್ಷ ದಾಟಿದರು. ಬಂದವರಲ್ಲಿ ಎಂಜಿನಿಯರುಗಳು, ವೈದ್ಯರು, ಪಿಯಾನೋ ಶಿಕ್ಷಕರು. ಜರ್ಮನ್ ಬಾರದು, ಹೀಬ್ರೂ ಬಾರದು, ಪ್ರಾರ್ಥನೆ ಮೊದಲೇ ಗೊತ್ತಿಲ್ಲ. ಸಮುದಾಯ ಭವನದಲ್ಲಿ ರಷ್ಯನ್ ಮಾತು ತುಂಬಿಕೊಂಡಿತು. ಹಳಬರಿಗೆ ಕಿರಿಕಿರಿ, ಹೊಸಬರಿಗೆ ಅವಮಾನ. ಆದರೆ ಅವರ ಮಕ್ಕಳು ಎರಡು ಮೂರು ವರ್ಷದಲ್ಲಿ ಜರ್ಮನ್ ಕಲಿತುಬಿಟ್ಟರು. ಹನ್ನೆರಡು ವರ್ಷದ ಹುಡುಗಿ ಅಪ್ಪನನ್ನು ಕರೆದುಕೊಂಡು ಸರ್ಕಾರಿ ಕಚೇರಿಗೆ ಹೋಗಿ ಅವರ ಪರವಾಗಿ ಮಾತಾಡೋದು. ಹೊಸ ಮುಂದಾಳುಗಳು ಬಂದಿದ್ದು ಈ ಮಕ್ಕಳಿಂದ.

ಹೇಗೆ ಅನ್ನೋದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಜರ್ಮನಿಯ ಯಹೂದಿಗಳಿಗೆ ಒಂದು ಕೇಂದ್ರ ಕಲ್ಯಾಣ ಸಂಸ್ಥೆ ಇದೆ. 1917ರಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಮುಚ್ಚಿ, 1951ರಲ್ಲಿ ಮತ್ತೆ ಶುರುವಾದದ್ದು. ಅದು ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ ನಡೆಸುತ್ತೆ. ಇವಕ್ಕೆ ಮಖನೆ ಅಂತಾರೆ. ಬಾಡ್ ಝೋಬರ್ನ್‌ಹೈಮ್ ಅನ್ನೋ ಚಿಕ್ಕ ಊರಲ್ಲಿ ಇದಕ್ಕಾಗಿಯೇ ಒಂದು ಮನೆ ಇದೆ. ಶಿಬಿರದಲ್ಲಿ ಮಕ್ಕಳನ್ನು ನೋಡಿಕೊಳ್ಳೋರು ಮೇಷ್ಟ್ರುಗಳಲ್ಲ, ತಂದೆತಾಯಿಗಳೂ ಅಲ್ಲ. ಮದ್ರಿಖ್‌ಗಳು. ಹೀಬ್ರೂವಿನಲ್ಲಿ ದೆರೆಖ್ ಅಂದರೆ ದಾರಿ, ಮದ್ರಿಖ್ ಅಂದರೆ ದಾರಿ ತೋರಿಸೋನು. (ದೆರೆಖ್, ದಾರಿ: ಕೇಳೋಕೆ ಅಣ್ಣತಮ್ಮಂದಿರ ಹಾಗಿದೆ, ಆದರೆ ನೆಂಟಸ್ತಿಕೆ ಇಲ್ಲ.) ಮದ್ರಿಖ್ ಆಗೋರು ಹೆಚ್ಚಿನಂಶ ನಿನ್ನೆ ಮೊನ್ನೆವರೆಗೆ ಅದೇ ಶಿಬಿರಕ್ಕೆ ಮಕ್ಕಳಾಗಿ ಬಂದವರು. ಅವರಿಗೆ ತರಬೇತಿ ಇದೆ: ದಿನದ ಕಾರ್ಯಕ್ರಮ ಬರೆಯೋದು, ಮಗುವಿಗೆ ಹುಷಾರಿಲ್ಲದಾಗ ಏನು ಮಾಡೋದು, ಅಳೋ ಮಗುವನ್ನು ರಾತ್ರಿ ಹೇಗೆ ಸಮಾಧಾನ ಮಾಡೋದು, ಹನ್ನೊಂದು ವರ್ಷದವರಿಗೆ ಧರ್ಮದ ಬಗ್ಗೆ ಬೇಜಾರಾಗದ ಹಾಗೆ ಹೇಗೆ ಮಾತಾಡೋದು. ಆಮೇಲೆ ಮಕ್ಕಳನ್ನು ಒಪ್ಪಿಸಿಬಿಡ್ತಾರೆ. ಬೇರೆಯವರ ಮನೆಯ ಮಕ್ಕಳನ್ನು ನಂಬಿ ಕೈಗೆ ಕೊಡೋದಕ್ಕಿಂತ ದೊಡ್ಡ ಜವಾಬ್ದಾರಿ ಯಾವುದಿದೆ?

ಊರಿಗೆ ವಾಪಸ್ ಬಂದ ಮೇಲೂ ಕೆಲಸ ಮುಂದುವರಿಯುತ್ತೆ. ಮ್ಯೂನಿಕ್ ಸಮುದಾಯದ ಯುವಕೇಂದ್ರದ ಹೆಸರು ನೆಷಾಮಾ, ಆತ್ಮ ಅಂತ ಅರ್ಥ. 2002ರಿಂದ ಇಂಥ ಯುವಕೇಂದ್ರಗಳ ನಡುವೆ ಜ್ಯೂರೋವಿಷನ್ ಅನ್ನೋ ಹಾಡು-ಕುಣಿತದ ಸ್ಪರ್ಧೆ ನಡೆಯುತ್ತಿದೆ. ಮೊದಲ ಸಲ ಅದೇ ಝೋಬರ್ನ್‌ಹೈಮ್‌ನಲ್ಲಿ ಚಿಕ್ಕದಾಗಿ ಶುರುವಾದದ್ದು, ಈಗ ಸಾವಿರಕ್ಕೂ ಹೆಚ್ಚು ಮಕ್ಕಳು ಸೇರೋ ಜಾತ್ರೆ. ಯೂರೋವಿಷನ್ ಹೆಸರನ್ನು ತಿರುಚಿದ್ದು ನೋಡಿ ನಗು ಬರುತ್ತೆ, ವಿಡಿಯೋ ನೋಡಿದರೆ ನಗು ನಿಲ್ಲುತ್ತೆ. ಅಷ್ಟು ಗಟ್ಟಿಯಾಗಿ ಮಾಡ್ತಾರೆ.

ಧರ್ಮಗುರುಗಳ ವಿಷಯದಲ್ಲಿ ಇನ್ನೂ ತಡವಾಯಿತು. ಬರ್ಲಿನ್‌ನಲ್ಲಿ 1873ರಲ್ಲಿ ಹುಟ್ಟಿದ ಹಿಲ್ಡೆಸ್‌ಹೈಮರ್ ರಬ್ಬಿ ವಿದ್ಯಾಲಯವನ್ನು ನಾಜಿಗಳು 1938ರಲ್ಲಿ ಮುಚ್ಚಿದ್ದರು. ಅದರ ಪರಂಪರೆಯಲ್ಲಿ ಹೊಸದಾಗಿ ತೆರೆದ ವಿದ್ಯಾಲಯದ ಮೊದಲ ಇಬ್ಬರು ರಬ್ಬಿಗಳಿಗೆ 2009ರ ಜೂನ್ 2ರಂದು ದೀಕ್ಷೆ ಆಯಿತು. ಎಲ್ಲಿ? ಮ್ಯೂನಿಕ್‌ನ ಅದೇ ಓಹೆಲ್ ಯಾಕೋಬ್‌ನಲ್ಲಿ. ಇಬ್ಬರೂ ಜರ್ಮನಿಯಲ್ಲಿ ಹುಟ್ಟಿದವರಲ್ಲ. ಆವ್ರಹಾಮ್ ರಾಡ್‌ಬಿಲ್ ಉಕ್ರೇನ್ ಮೂಲದವರು. ಇನ್ನೊಬ್ಬರು ಜೋಲ್ಟ್ ಬಾಲ್ಲಾ, ಬುಡಾಪೆಸ್ಟ್‌ನವರು, ನಮ್ಮಲ್ಲಿ ಅರ್ಧ ಜನರ ಹಾಗೆ ಓದಿದ್ದು ಎಂಜಿನಿಯರಿಂಗ್. ಅವರ ತಂದೆ ಹಂಗೇರಿ ಸೇನೆಯಲ್ಲಿ ಅಧಿಕಾರಿ. ತಾನು ಯಹೂದಿ ಅಂತ ಬಾಲ್ಲಾಗೆ ಗೊತ್ತಾಗಿದ್ದೇ ಒಂಬತ್ತನೇ ವಯಸ್ಸಿನಲ್ಲಿ, ತಾಯಿ ಹೇಳಿದ ಮೇಲೆ.

ಈ ಬಾಲ್ಲಾ ನಮ್ಮನ್ನು ಮತ್ತೆ ನೊಯ್‌ಬಿಬರ್ಗ್ ಬೇಲಿಯ ಹತ್ತಿರಕ್ಕೆ ಕರೆತರುತ್ತಾರೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರ ಸುಮಾರು ಒಂದು ಲಕ್ಷ ಯಹೂದಿಗಳು ಹೋರಾಡಿದರು, ಸುಮಾರು 12,000 ಮಂದಿ ಸತ್ತರು. ಅವರ ಜೊತೆ ರಣರಂಗದಲ್ಲಿ ರಬ್ಬಿಗಳಿದ್ದರು. ಆದರೂ ಯಹೂದಿಗಳು ಯುದ್ಧದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಅನ್ನೋ ಗುಲ್ಲು ಎದ್ದು, 1916ರಲ್ಲಿ ಪ್ರಷ್ಯಾದ ಯುದ್ಧ ಇಲಾಖೆ ಸೇನೆಯಲ್ಲಿರೋ ಯಹೂದಿಗಳ ತಲೆ ಎಣಿಸಿತು. ಎಣಿಸಿದ ಮೇಲೆ ಫಲಿತಾಂಶವನ್ನು ಯುದ್ಧ ಮುಗಿಯೋವರೆಗೂ ಪ್ರಕಟಿಸಲೇ ಇಲ್ಲ. ದತ್ತಾಂಶದ ಕೆಲಸ ಮಾಡೋರು ಯಾರಾದರೂ ಓದುತ್ತಿದ್ದರೆ ಈ ಘಟನೆಯನ್ನು ನೆನಪಿಟ್ಟುಕೊಳ್ಳಿ. ಎಣಿಸೋದೇ ಅಲ್ಲಿ ಆರೋಪವಾಗಿತ್ತು. 2019ರ ಡಿಸೆಂಬರಿನಲ್ಲಿ ಜರ್ಮನ್ ಸರ್ಕಾರವೂ ಯಹೂದಿಗಳ ಕೇಂದ್ರ ಮಂಡಳಿಯೂ ಒಪ್ಪಂದ ಮಾಡಿಕೊಂಡು ಸೇನೆಗೆ ಮತ್ತೆ ರಬ್ಬಿಗಳನ್ನು ತಂದವು. 2021ರ ಜೂನ್‌ನಲ್ಲಿ ಬಾಲ್ಲಾ ಸೇನೆಯ ಮೊದಲ ಮುಖ್ಯ ರಬ್ಬಿಯಾದರು. ಸೇನೆಯಲ್ಲಿರೋ ಯಹೂದಿಗಳು ಅಂದಾಜು 300. ಹಾಗಾದರೆ ರಬ್ಬಿಗಳು ಯಾರಿಗಾಗಿ? ಎಲ್ಲರಿಗಾಗಿ. ಪಾದ್ರಿಗಳ ಹಾಗೆ ಅವರೂ ಎಲ್ಲ ಸೈನಿಕರ ಜೊತೆ ಮಾತಾಡ್ತಾರೆ, ನೀತಿಯ ಪಾಠ ಮಾಡ್ತಾರೆ. ಅವರಲ್ಲಿ ಬಹುಪಾಲು ಹುಡುಗರು ಒಬ್ಬ ಯಹೂದಿಯನ್ನು ಜೀವನದಲ್ಲಿ ಭೇಟಿಯಾಗೇ ಇರಲ್ಲ.

ಇದು ಗೆದ್ದ ಕಥೆ ಅಂತ ನಾನು ಹೇಳ್ತಿಲ್ಲ. ಜರ್ಮನಿಯ ಯಹೂದಿ ಸಮುದಾಯಗಳ ಸದಸ್ಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 60 ದಾಟಿದವರು. ಒಟ್ಟು ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ. 1985ರಲ್ಲಿ ಅಧ್ಯಕ್ಷೆಯಾದ ಕ್ನೋಬ್ಲೋಖ್ ತೊಂಬತ್ತು ದಾಟಿದ ಮೇಲೂ ಅದೇ ಕುರ್ಚಿಯಲ್ಲಿದ್ದರು. ಅವರ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಒಬ್ಬರೇ ನಾಲ್ಕು ದಶಕ ಹೊತ್ತುಕೊಂಡಿದ್ದಾರೆ ಅಂದರೆ, ಹದಿನೆಂಟರ ಮದ್ರಿಖ್‌ನಿಂದ ಅಧ್ಯಕ್ಷರ ಕುರ್ಚಿವರೆಗಿನ ಏಣಿಯಲ್ಲಿ ನಡುವಿನ ಮೆಟ್ಟಿಲುಗಳು ಗಟ್ಟಿಯಿಲ್ಲ ಅಂತಲೇ ನನ್ನ ಅನಿಸಿಕೆ. ಯುವಕರಿಗೂ ಅದು ಗೊತ್ತು. 2016ರಲ್ಲಿ ಅವರು ತಮ್ಮದೇ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟ ಕಟ್ಟಿಕೊಂಡರು, 18ರಿಂದ 35 ವರ್ಷದವರಿಗೆ, ತಮ್ಮದೇ ಚುನಾವಣೆಯ ಜೊತೆ. ನಮ್ಮನ್ನು ಬರೀ ಹತ್ಯಾಕಾಂಡ, ದ್ವೇಷ, ಇಸ್ರೇಲ್ ಬಗ್ಗೆ ಮಾತ್ರ ಕೇಳ್ತೀರಲ್ಲ ಅನ್ನೋದು ಅವರ ಹಳೇ ದೂರು. ನಮ್ಮ ಮಕ್ಕಳನ್ನು ಬರೀ ಯೋಗ, ಮಸಾಲೆ ಬಗ್ಗೆ ಕೇಳೋದಕ್ಕೂ ಇದಕ್ಕೂ ಭಾರದಲ್ಲಿ ವ್ಯತ್ಯಾಸ ಇದೆ, ಬೇಸರದ ಬಗೆ ಮಾತ್ರ ಒಂದೇ.

ಈಗ ನಮ್ಮ ವಿಷಯ. ನಾವು ಯಾರಿಂದಲೂ ಓಡಿ ಬಂದವರಲ್ಲ, ಬ್ಲೂ ಕಾರ್ಡ್ ಹಿಡಿದು ವಿಮಾನದಲ್ಲಿ ಬಂದವರು. ಅವರ ನೋವಿನ ಪಕ್ಕ ನಮ್ಮ ಪರದೇಶವಾಸ ಇಟ್ಟು ತೂಗೋದು ತಪ್ಪು. ಆದರೆ ಪೆಟ್ಟಿಗೆ ನಮಗೂ ಗೊತ್ತು. "ಇನ್ನೆರಡು ವರ್ಷ, ಆಮೇಲೆ ವಾಪಸ್" ಅನ್ನೋದನ್ನು ನಾನು ಹದಿನೈದು ವರ್ಷದಿಂದ ಇಲ್ಲೇ ಇರೋ ಅಣ್ಣಂದಿರ ಬಾಯಲ್ಲೂ ಕೇಳಿದ್ದೀನಿ. ಜರ್ಮನಿಯಲ್ಲಿ ಒಂದು ಸಂಘ ನೋಂದಾಯಿಸೋಕೆ ಏಳು ಜನ ಸಾಕು. ಕನ್ನಡ ಕೂಟಕ್ಕೆ ಏಳು ಜನ ಎಲ್ಲಿ ಬೇಕಾದರೂ ಸಿಗ್ತಾರೆ. ಎಂಟನೆಯವನು ಸಿಗೋದೇ ಕಷ್ಟ, ಅದರಲ್ಲೂ ಆ ಎಂಟನೆಯವನು ಇಲ್ಲೇ ಹುಟ್ಟಿದವನಾಗಿರಬೇಕು ಅಂದರೆ.

ನಾನು ನೋಡಿದ ಒಂದು ಕೂಟದ ಕಥೆ ಹೇಳ್ತೀನಿ, ಹೆಸರು ಬೇಡ. ನವೆಂಬರಿನ ರಾಜ್ಯೋತ್ಸವಕ್ಕೆ ಸಭಾಂಗಣ ಸಿಗದೆ ಸಮಿತಿಯವರು ಒದ್ದಾಡುತ್ತಿದ್ದರು. ಪುರಸಭೆಗೆ ಫೋನ್ ಮಾಡಿ, ನಿಯಮಗಳನ್ನು ಓದಿ, ವಿಮೆಯ ಕಾಗದ ಸಮೇತ ಜಾಗ ಗೊತ್ತು ಮಾಡಿದ್ದು ಸಮಿತಿಯ ಒಬ್ಬರ ಮಗಳು, ಹದಿನೇಳು ವರ್ಷ, ಇಲ್ಲೇ ಹುಟ್ಟಿದವಳು. ಅವಳ ಜರ್ಮನ್ ಎದುರು ನಮ್ಮದೆಲ್ಲ ಅಂಗನವಾಡಿ. ಕಾರ್ಯಕ್ರಮದ ದಿನ ಅವಳಿಗೆ ಸಿಕ್ಕಿದ್ದು ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲೋ ಕೆಲಸ. ಖರ್ಚಿನ ಪುಸ್ತಕ, ಬ್ಯಾಂಕ್ ಖಾತೆ, ಮುಂದಿನ ವರ್ಷದ ಯೋಜನೆ, ಎಲ್ಲ ಎಂದಿನ ಐದು ಜನರ ಹತ್ತಿರ. ಮುಂದಿನ ವರ್ಷ ಕರೆದರೆ ಅವಳು ಬರಲಿಲ್ಲ. "ಕನ್ನಡ ಸರಿಯಾಗಿ ಬರಲ್ಲ ಅಂತ ನಾಚಿಕೆ ಇರಬೇಕು ಪಾಪ" ಅಂದರು ಒಬ್ಬರು ಅಂಕಲ್.

ನಾನು ಅವಳನ್ನೇ ಕೇಳಿದೆ. ಹೆಚ್ಚೇನೂ ಹೇಳಲಿಲ್ಲ. "ಅಣ್ಣಾ, ಹಾಲ್ ಬುಕ್ ಮಾಡೋದು ನಂಗೆ ಇಷ್ಟ ಆಗಿತ್ತು" ಅಂದಳು. ಕನ್ನಡದಲ್ಲೇ ಅಂದಳು.